ಸರೋಜಳ ಲೋಟವೂ ನನ್ನ ತನಿಖೆಯೂ

ನಮ್ಮ ಮನೆಯಲ್ಲಿ ಬುದ್ಧಿವಂತರು ಯಾರು ಎಂದು ಕೇಳಿದರೆ ನಾನು ಸಂಕೋಚವಿಲ್ಲದೆ ಕೈ ಎತ್ತುತ್ತೇನೆ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಕ್ಲೇಮ್ ತನಿಖೆ ಮಾಡಿದವನು ನಾನು. ಸುಟ್ಟ ಅಂಗಡಿಯ ಬೂದಿ ನೋಡಿಯೇ, ಬೆಂಕಿ ತಾನಾಗಿ ಹತ್ತಿತೋ ಮಾಲೀಕ ಹಚ್ಚಿದನೋ ಹೇಳಬಲ್ಲೆ. ಅಂಥವನಿಗೆ ಒಂದು ಸ್ಟೀಲ್ ಲೋಟ ಯಾವ ಲೆಕ್ಕ!

ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತಿತ್ತು. ಅದು ಹೇಗೆ ಕುದುರಿತು ಎಂದು ನಾನು ಎಂದೂ ಕೇಳಿದವನಲ್ಲ. ಹಿರಿಯರು ನೋಡಿ ಮಾಡಿದ ಮದುವೆ, ಅದರಲ್ಲಿ ಕೇಳುವುದೇನಿದೆ? ಭಾನುವಾರ ಅಲ್ಲಾಳಸಂದ್ರದ ನಮ್ಮ ಮನೆಯಲ್ಲೇ ಊಟ, ಇಪ್ಪತ್ತೈದು ಜನ ನೆಂಟರು. ಮದುವೆಯ ಫೋಟೋ ಹುಡುಕೋಣವೆಂದು ಅಪ್ಪನ ಬೀರು ತೆಗೆದೆ. ಫೋಟೋ ಸಿಗಲಿಲ್ಲ. ರೇಷ್ಮೆ ಶಲ್ಯದಲ್ಲಿ ಜೋಪಾನವಾಗಿ ಸುತ್ತಿಟ್ಟ ಒಂದು ಸ್ಟೀಲ್ ಲೋಟ ಸಿಕ್ಕಿತು. ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು: ‘ಸರೋಜ’.

ನನ್ನ ಅಮ್ಮನ ಹೆಸರು ನಾಗರತ್ನ!

“ಸುಮಾ, ಬಾಗಿಲು ಹಾಕು” ಎಂದು ಹೆಂಡತಿಗೆ ಪಿಸುಗುಟ್ಟಿ ಲೋಟ ತೋರಿಸಿದೆ.

“ಯಾರ ಮನೆ ಲೋಟಾನೋ ಬಂದಿರತ್ತೆ ಕಣ್ರೀ. ಪಕ್ಕದ್ಮನೆಯವರ ಡಬ್ಬಿ ಮೂರು ನಮ್ಮಲ್ಲೇ ಇವೆ.”

“ಅವನ್ನ ರೇಷ್ಮೆ ಶಲ್ಯದಲ್ಲಿ ಸುತ್ತಿಟ್ಟಿದ್ದೀಯಾ?”

“ಅಷ್ಟು ಅನುಮಾನ ಇದ್ರೆ ಮಾವನ್ನೇ ಕೇಳಿ.”

ಕೇಳುವುದಂತೆ! ತನಿಖಾಧಿಕಾರಿ ಯಾರನ್ನೂ ನೇರವಾಗಿ ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಕೆರೆ ಸುತ್ತ ವಾಕಿಂಗ್ ಹೋದಾಗ ವಿಷಯವನ್ನು ಬಹಳ ನಾಜೂಕಾಗಿ ತೆಗೆದೆ.

“ಅಪ್ಪಾ, ಈಗಿನ ಕಾಲದಲ್ಲಿ ಸರೋಜ ಅಂತ ಯಾರೂ ಹೆಸರಿಡಲ್ಲ, ಅಲ್ವಾ?”

ಅಪ್ಪ ನಿಂತುಬಿಟ್ಟರು. ಎಪ್ಪತ್ತೇಳರ ಮುಖದ ಮೇಲೆ ಇಪ್ಪತ್ತೇಳರ ನಗು ಬಂತು. “ಒಳ್ಳೇ ಹೆಸರು ಕಣೋ. ನನ್ನ ಪುಣ್ಯ” ಎಂದು ಮುಂದೆ ನಡೆದರು.

ಪುಣ್ಯವಂತೆ ಪುಣ್ಯ! ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದರೆ ಅಮ್ಮ, ಪಾಪ, ಇದೇ ಮನುಷ್ಯನಿಗೆ ಸಕ್ಕರೆ ಇಲ್ಲದ ಕಾಫಿ ಬೆರೆಸುತ್ತಿದ್ದಳು. ಆ ಲೋಟ ಅವಳ ಕಣ್ಣಿಗೆ ಬಿದ್ದರೆ ಭಾನುವಾರದ ಊಟವಿರಲಿ, ಮನೆಯ ನೆಮ್ಮದಿಯೇ ಹಾಳು. ಎಸೆದರೆ ಅಪ್ಪ ಹುಡುಕುತ್ತಾರೆ. ಆದ್ದರಿಂದ ಲೋಟ ಉಳಿಯಬೇಕು, ಸರೋಜ ಅಳಿಯಬೇಕು!

ನೇರ ಯಲಹಂಕದ ಒಂದು ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವನು ಲೋಟವನ್ನು ತಿರುಗಿಸಿ ನೋಡಿದ.

“ಹಳೇ ಕಾಲದ ದಪ್ಪ ಲೋಟ ಸಾರ್. ಹೆಸರು ಯಾಕ್ ತೆಗೀಬೇಕು? ಮನೆ ಹಿರೇರು ಆಸೆಯಿಂದ ಹಾಕ್ಸಿರ್ತಾರೆ.”

“ಹೇಳಿದಷ್ಟು ಮಾಡ್ರೀ!”

ಪಾಲಿಶ್ ಚಕ್ರ ಗರಗರ ತಿರುಗಿತು. ಎರಡೇ ನಿಮಿಷದಲ್ಲಿ ಸರೋಜ ಮಾಯ. ಅದೇ ಜಾಗದಲ್ಲಿ ‘ನಾಗರತ್ನ’ ಎಂದು ಕೊರೆಸಿದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಬಣ್ಣದ ಕಾಗದ ಸುತ್ತಿಸಿದೆ. ಎಲ್ಲರೆದುರು ಅಮ್ಮನಿಗೆ ಉಡುಗೊರೆ ಕೊಡುವುದು, ಅಪ್ಪ ತಲೆತಗ್ಗಿಸುವುದು ಎಂದು ಯೋಜನೆ.

ಭಾನುವಾರ ಗೇಟಿನ ಬಳಿ ನಿಂತಿದ್ದೆ. ಆಟೋದಿಂದ ಒಬ್ಬ ವಯಸ್ಸಾದ ಹೆಂಗಸು ಇಳಿದರು.

“ನಾಗರತ್ನನ ಮನೆ ಇದೇನಾ? ನಾನು ಸರೋಜ ಅಂತ.”

ತಕ್ಷಣ ಗೇಟಿಗೆ ಅಡ್ಡ ನಿಂತೆ. “ಮನೇಲಿ ಯಾರೂ ಇಲ್ಲ” ಎಂದೆ. ಅಷ್ಟು ಹೇಳುವುದಕ್ಕೂ ಒಳಗೆ ಇಪ್ಪತ್ತೈದು ಜನ ಒಟ್ಟಿಗೆ ನಗುವುದಕ್ಕೂ ಸರಿಹೋಯಿತು.

“ಮತ್ತೆ ಒಳಗೆ ಯಾರಪ್ಪಾ ಅದು?”

“ಅಡುಗೆಯವರು!”

ಅಷ್ಟರಲ್ಲಿ ಅಮ್ಮ ಓಡಿ ಬಂದಳು. “ಸರೋಜಾ! ಹುಬ್ಬಳ್ಳಿಯಿಂದ ಬಂದೇಬಿಟ್ಯಲ್ಲೇ! ಏನೋ, ಗೇಟಲ್ಲೇ ನಿಲ್ಲಿಸ್ಕೊಂಡಿದ್ದೀಯಾ, ಬುದ್ಧಿ ಬೇಡ್ವಾ?” ಇಬ್ಬರೂ ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು. ಅಪ್ಪ ತಾವೇ ಕುರ್ಚಿ ತಂದು ಹಾಕಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಅಮ್ಮ ನೆಂಟರಿಗೆಲ್ಲ ಹೇಳತೊಡಗಿದಳು. “ಶೆಟ್ಟಿಹಳ್ಳೀಲಿ ನಮ್ದು ಅಕ್ಕಪಕ್ಕದ ಮನೆ. ಇವರು ಹೆಣ್ಣು ನೋಡಕ್ಕೆ ಬಂದಿದ್ದು ಇವಳನ್ನ! ಇವಳಿಗೆ ಇನ್ನೂ ಓದೋ ಆಸೆ. ಹೊರಗೆ ಬರಲ್ಲ ಅಂತ ಅಡುಗೆಮನೇಲಿ ಕೂತ್ಬಿಟ್ಲು. ಕಾಫಿ ಆರೋಗತ್ತಲ್ಲ ಅಂತ, ಸಹಾಯಕ್ಕೆ ಹೋಗಿದ್ದ ನಾನೇ ತಗೊಂಡ್ ಹೋದೆ.”

ಅಪ್ಪ ತಡೆಯಲಾರದೆ ಬಾಯಿ ಹಾಕಿದರು. “ನಾನು ಇವಳ ಮುಖ ನೋಡ್ದೆ, ಲೋಟ ನೋಡ್ದೆ. ಸರೋಜ ಅಂತಿತ್ತು. ಸರಿ, ಹುಡುಗಿ ಇವಳೇ ಅಂತ ‘ಒಪ್ಪಿಗೆ’ ಅಂದ್ಬಿಟ್ಟೆ!”

“ಆಮೇಲೆ ನಮ್ಮಪ್ಪ ನನ್ನನ್ನ ಹೊರಗೆ ಕರ್ಕೊಂಡ್ ಬಂದ್ರು. ‘ಇವರಲ್ಲ, ಅವರು’ ಅಂತ ನಿಮ್ಮಪ್ಪ ಹೌಹಾರಿದ್ರು” ಎಂದರು ಸರೋಜಮ್ಮ. “ನಾನು ಬಚಾವಾದೆ! ಓದಿ ಟೀಚರ್ ಆದೆ. ಅದೇ ಲೋಟಾನ ಇವರ ಮದುವೇಲಿ ಮುಯ್ಯಿ ಕೊಟ್ಟೆ.”

“ಒಂದಿನ ಅದರಲ್ಲೇ ಇವಳಿಗೆ ಕಾಫಿ ಕೊಡ್ಬೇಕು ಅಂತ ಐವತ್ತು ವರ್ಷದಿಂದ ಕಾದಿದ್ದೀನಿ. ಬೀರುವಲ್ಲಿದೆ, ತಗೊಂಡ್ ಬಾರೋ” ಎಂದಳು ಅಮ್ಮ.

ನಾನು ಸುಮಾಳ ಮುಖ ನೋಡಿದೆ. ಅವಳು ಸೂರು ನೋಡಿದಳು. ಬೇರೆ ದಾರಿಯಿಲ್ಲದೆ ಬಣ್ಣದ ಪೊಟ್ಟಣವನ್ನೇ ಅಮ್ಮನ ಕೈಗಿಟ್ಟೆ. ಅಮ್ಮ ಬಿಚ್ಚಿದಳು. ಹೆಬ್ಬೆರಳಿಂದ ಲೋಟವನ್ನು ಸವರಿದಳು.

“ಸರೋಜ ಎಲ್ಲೋ?”

“ಅಳಿಸ್ಬಿಟ್ಟೆ ಅಮ್ಮಾ.”

“ಯಾಕೋ?”

ಇಪ್ಪತ್ತೈದು ಜನರ ಮುಂದೆ ನನ್ನ ತನಿಖಾ ವರದಿಯನ್ನು ಒಪ್ಪಿಸಬೇಕಾಯಿತು. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಅಮ್ಮನ ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಸಂಕಟವಾಯಿತು.

“ಹೋಗ್ಲಿ ಬಿಡೇ, ಇಷ್ಟು ವರ್ಷ ನನ್ನ ಹೆಸರನ್ನ ಬೀರುವಲ್ಲಿ ಇಟ್ಕೊಂಡಿದ್ರಿ, ಇನ್ಮೇಲೆ ನಿನ್ನ ಹೆಸರಲ್ಲಿ ಕುಡೀರಿ” ಎಂದು ಸರೋಜಮ್ಮ ಅಮ್ಮನ ಬೆನ್ನು ಸವರಿದರು. ಸುಮಾ ಅದೇ ಲೋಟಕ್ಕೆ ಬಿಸಿಬಿಸಿ ಕಾಫಿ ತಂದು ಸುರಿದಳು. ಅಮ್ಮ ಕೊನೆಗೂ ನಕ್ಕಳು. ನನಗೆ ಹೋದ ಜೀವ ಬಂತು.

ಅಪ್ಪ ಲೋಟವನ್ನು ದಿಟ್ಟಿಸಿ ನೋಡಿ ಹೇಳಿದರು: “ಅವತ್ತೇ ಇದರ ಮೇಲೆ ನಾಗರತ್ನ ಅಂತಿದ್ದಿದ್ರೆ, ಯಾರೋ ಪಕ್ಕದ್ಮನೆ ಹುಡುಗಿ ಅಂತ ಕಾಫಿ ಕುಡಿದು ಎದ್ದು ಹೋಗ್ತಿದ್ದೆ. ಈ ಪುಣ್ಯಾತ್ಮ ಹುಟ್ಟೋ ಮಾತೇ ಇರ್ಲಿಲ್ಲ!”

“ಲೋಟನಾದ್ರೂ ಉಳೀತಿತ್ತು” ಎಂದಳು ಅಮ್ಮ.

ಇಪ್ಪತ್ತೈದು ಜನರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಸುಮಾ ಅಂತೂ ತಲೆ ಆಡಿಸುತ್ತಿದ್ದಳು!