ಓನರ್ ಸೈಕಲ್ ತಳ್ಳಿದ ಭಾನುವಾರಗಳು

ಭಾನುವಾರ ಬೆಳಿಗ್ಗೆ ವಿವೇಕಿಗಳು ಮಲಗಿರುತ್ತಾರೆ. ಮಲಗದೆ ಸೈಕಲ್ ಎತ್ತಿಕೊಂಡು ಗುಡ್ಡಕ್ಕೆ ಹೋಗುವವರಿಗೆ ಆಗಬೇಕಾದದ್ದು ಆಗುತ್ತಲೇ ಇರುತ್ತದೆ. ನಮಗೆ ಆದದ್ದರಲ್ಲಿ ಹೊರಗೆ ಹೇಳಬಹುದಾದವು ಇಷ್ಟು.

ಮೊದಲು ನಾವು ಇಬ್ಬರೇ. ನಾನು, ಮತ್ತು ಆಫೀಸಿನಲ್ಲಿ ನನ್ನ ಪಕ್ಕ ಕೂರುವ ದಾವಣಗೆರೆಯ ಗೆಳೆಯ. ಅವನನ್ನು ಕ್ಯಾಪ್ಟನ್ ಎನ್ನುತ್ತೇವೆ. ಬಿರುದು ಅವನೇ ಕೊಟ್ಟುಕೊಂಡದ್ದು. ನನ್ನ ಬಾಡಿಗೆ ಮನೆ ಎಲೆಕ್ಟ್ರಾನಿಕ್ ಸಿಟಿಯ ಹಿಂದೆ. ಅಲ್ಲಿಂದ ಆನೇಕಲ್ ದಾಟಿದರೆ ಗುಡ್ಡ, ಬಂಡೆ, ಕುರಿಗಳು ನಡೆದೂ ನಡೆದೂ ಆದ ಕಾಲುದಾರಿ. ಅದನ್ನು ಕ್ಯಾಪ್ಟನ್ ‘ಟ್ರೇಲ್’ ಎನ್ನುತ್ತಾನೆ. ಕುರಿಗಳ ಅಭಿಪ್ರಾಯ ತಿಳಿದಿಲ್ಲ.

ಮೂರನೆಯವರು

ನಮ್ಮ ಕಟ್ಟಡದ ಓನರ್ ಕೆಳಗಿನ ಮನೆಯಲ್ಲೇ ಇರುತ್ತಾರೆ. ಅವರಪ್ಪ ರಾಗಿ ಬೆಳೆದ ಹೊಲದಲ್ಲಿ ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. ಬಿಳಿ ಪಂಚೆ ಉಟ್ಟು ಗೇಟಿನ ಪಕ್ಕ ಕುರ್ಚಿಯಲ್ಲಿ ಕೂತರೆಂದರೆ ನಾಯಿಗಳೂ ಸುತ್ತುದಾರಿ ಹಿಡಿಯುತ್ತವೆ. ಒಮ್ಮೆ ಗಡಿ ಜಗಳದಲ್ಲಿ, ಮಣ್ಣು ಅಗೆಯುತ್ತಿದ್ದ ಜೆಸಿಬಿಯ ಮುಂದೆ ಅದೇ ಕುರ್ಚಿ ಹಾಕಿಕೊಂಡು ಕೂತವರು. ಹಿಂದಕ್ಕೆ ಹೋದದ್ದು ಜೆಸಿಬಿ.

ಒಂದು ಶನಿವಾರ ಸಂಜೆ ನಾನು ಮೆಟ್ಟಿಲ ಬಳಿ ಸೈಕಲ್ ಒರೆಸುತ್ತಿದ್ದಾಗ ಬಂದು ನಿಂತರು.

“ಸಾರ್, ವಾರವಾರ ಇದನ್ನ ಎತ್ಕೊಂಡು ಎಲ್ಲೋಯ್ತೀರಿ?”

“ಗುಡ್ಡಕ್ಕೆ ಅಣ್ಣ. ವ್ಯಾಯಾಮ.”

“ನಾನೂ ಬತ್ತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಆಚೆ ಈಚೆ ನೋಡಿ ದನಿ ತಗ್ಗಿಸಿದರು. “ಶುಗರ್ ಬಂದೈತೆ ಸಾರ್. ಡಾಕ್ಟ್ರು ಮೂರು ತಿಂಗ್ಳು ಟೈಮ್ ಕೊಟ್ಟವ್ರೆ. ಅಷ್ಟ್ರೊಳಗೆ ಇಳೀಲಿಲ್ಲ ಅಂದ್ರೆ ದಿನಾ ಇಂಜೆಕ್ಷನ್ನಂತೆ. ನಮ್ಮ ಕೈಯಾರೆ ನಾವೇ ಚುಚ್ಕೋಬೇಕಂತೆ. ಒಟ್ಟೆಗೆ!”

ಹೊಟ್ಟೆ ಎನ್ನುವಾಗ ಎರಡೂ ಕೈ ಅಲ್ಲಿಗೆ ಅಡ್ಡ ಹೋದವು.

“ಇರುವೆ ಕಚ್ಚಿದ ಹಾಗೆ ಅಷ್ಟೆ ಅಣ್ಣ,” ಎಂದೆ. ಬೇರೆಯವರ ಹೊಟ್ಟೆಯ ವಿಷಯದಲ್ಲಿ ನಾನು ಧೈರ್ಯವಂತ.

ಓನರ್ ನನ್ನನ್ನೇ ನೋಡಿದರು. ಹಣೆಯಲ್ಲಿ ಬೆವರು. ಮೆಲ್ಲಗೆ ಕಂಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಜೆಸಿಬಿಗೆ ಅಲ್ಲಾಡದ ಮನುಷ್ಯ, ಇನ್ನೂ ಬಂದಿರದ ಇರುವೆಗೆ ಕುಸಿದಿದ್ದರು.

ಪೂಜೆ

ಮುಂದಿನ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಗೇಟಿನ ಮುಂದೆ ಓನರ್ ಸಿದ್ಧ. ಮಂಡಿಗೆ ಕವಚ, ಮೊಣಕೈಗೆ ಕವಚ, ತಲೆಗೆ ಹೆಲ್ಮೆಟ್, ಸೊಂಟಕ್ಕೆ ಮಾಮೂಲಿ ಬಿಳಿ ಪಂಚೆ. ಪಕ್ಕದಲ್ಲಿ ಸೈಕಲ್. ಕ್ಯಾಪ್ಟನ್ ಎರಡು ವರ್ಷದಿಂದ ಫೋನಿನಲ್ಲಿ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದನಲ್ಲ, ಅದೇ ಸೈಕಲ್. ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಓನರ್ ಹೆಂಡತಿ ತಟ್ಟೆ ಹಿಡಿದು ಹೊರಗೆ ಬಂದರು. ಹೊಸ ಗಾಡಿ ಪೂಜೆ ಇಲ್ಲದೆ ಗೇಟು ದಾಟುವಂತಿಲ್ಲ. ಹ್ಯಾಂಡಲ್‌ಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. “ನಿಮ್ಮವೂ ತತ್ತಾರಪ್ಪ, ಮಕ್ಳಿಲ್ವಾ ನೀವೂ,” ಎಂದು ನಮ್ಮ ಸೈಕಲ್ಲುಗಳನ್ನೂ ನಿಲ್ಲಿಸಿದರು. ಚಕ್ರದ ನಡುವೆ ಫಳಫಳ ಹೊಳೆಯುವ ತಟ್ಟೆ ಅವರ ಕಣ್ಣಿಗೆ ಬಿತ್ತು. ಅಂಥ ಚೆಂದದ ಜಾಗ ಬಿಟ್ಟು ಕುಂಕುಮವನ್ನು ಇನ್ನೆಲ್ಲಿ ಹಚ್ಚುವುದು? ಅಂಟಿ ನಿಲ್ಲಲೆಂದು ಎಣ್ಣೆಯಲ್ಲಿ ಕಲಸಿ, ಎರಡೂ ಬದಿಗೆ, ಧಾರಾಳವಾಗಿ ಹಚ್ಚಿದರು.

ಆ ತಟ್ಟೆ ಬ್ರೇಕಿನದು. ಎಣ್ಣೆ ಸೋಕಿದ ಬ್ರೇಕು ಹಿಡಿಯುವುದಿಲ್ಲ. ಇದು ಕ್ಯಾಪ್ಟನ್ನಿಗೆ ಗೊತ್ತು. ಆದರೆ ಅವನು ಆಗ ಓನರ್ ಸೈಕಲ್ಲನ್ನೇ ನೋಡುತ್ತಿದ್ದ.

ಮೊದಲ ಇಳಿಜಾರಿನಲ್ಲಿ ಅವನೇ ಮುಂದೆ. “ಹಿಂಗ್ ಇಳೀಬೇಕ್ ನೋಡ್ರೀ!” ಎಂದು ಕೂಗಿದ್ದು ಕೇಳಿಸಿತು. ಆಮೇಲೆ “ಅಯ್ಯಯ್ಯೋ!” ಎಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಎರಡೂ ಕಾಲು ನೆಲಕ್ಕೆ ಉಜ್ಜುತ್ತಾ ಇಳಿದು ನೋಡಿದರೆ, ಯಾರದೋ ತಿಪ್ಪೆಯಲ್ಲಿ ಎದೆಮಟ್ಟ ಕೂತಿದ್ದ. ಹೆಲ್ಮೆಟ್ಟಿನ ಮೇಲೊಂದು ಕೋಳಿ.

ಓನರ್ ನಿಧಾನವಾಗಿ ಸೈಕಲ್ ತಳ್ಳಿಕೊಂಡು ಬಂದರು. ಬೆಳಗಿನಿಂದ ಅವರು ಅದನ್ನು ಹತ್ತಿರಲೇ ಇಲ್ಲ. ಯಾಕೆಂದರೆ, “ಹೊಸಾದು ಸಾರ್, ಕಲ್ಲಿನ ಮೇಲೆ ಯಾಕೆ ಸವೆಸೋದು?” ಎಂದಿದ್ದರು. ಈಗ ತಿಪ್ಪೆಯನ್ನು ನೋಡಿದರು. ಅದರಾಚೆ ಎರಡು ಮಾರು ದೂರದಲ್ಲಿದ್ದ ಬಂಡೆಯನ್ನು ನೋಡಿದರು.

“ನೋಡಿ,” ಎಂದರು. “ಪೂಜೆ ಮಾಡಿದ್ದಕ್ಕೆ ತಿಪ್ಪೆ ಸಿಕ್ತು. ಇಲ್ದಿದ್ರೆ ಬಂಡೆ.”

ಕಾಫಿ

ಆ ಕಡೆಯ ಊರುಗಳಲ್ಲಿ ಓನರ್‌ಗೆ ನೆಂಟರಿಲ್ಲದ ಬೀದಿ ಇಲ್ಲ. ಸೈಕಲ್ ತುಳಿದುಕೊಂಡು ಹೋದರೆ ಯಾರೂ ತಡೆಯುತ್ತಿರಲಿಲ್ಲ. ತಳ್ಳಿಕೊಂಡು ಹೋಗುವವರನ್ನು ಯಾರು ಬಿಡುತ್ತಾರೆ? “ಭಾವ, ಇದೇನು ಪಂಕ್ಚರ್ರಾ? ಬನ್ನಿ ಒಳಗೆ.” ಒಳಗೆ ಹೋದರೆ ಕಾಫಿ. ಅಲ್ಲಿ ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಸಕ್ಕರೆಗೆ ಕಾಫಿ ಹಾಕುತ್ತಾರೆ. ಬೇಡವೆಂದರೆ ಅವಮಾನ. ಅರ್ಧ ಬಿಟ್ಟರೆ ಹಳೇ ಜಗಳವೊಂದು ಹೊಸದಾಗುತ್ತದೆ.

“ಶುಗರ್ ಇದೆ ಅಂತ ಹೇಳಿಬಿಡಿ ಅಣ್ಣ,” ಎಂದೆ.

ಓನರ್ ನನ್ನ ಬಾಯಿ ಮುಚ್ಚುವುದೊಂದು ಬಾಕಿ. “ಸುಮ್ಕಿರಿ ಸಾರ್! ಒಬ್ರಿಗೆ ಗೊತ್ತಾದ್ರೆ ತಾಲ್ಲೂಕಿಗೇ ಗೊತ್ತಾಯ್ತದೆ. ಆಮ್ಯಾಕೆ ಒಬ್ಬೊಬ್ರೂ ಒಂದೊಂದು ಸೊಪ್ಪು ಅರೆದು ಕುಡಿಸ್ತಾರೆ. ನಮ್ಮ ದೊಡ್ಡಪ್ಪ ಶುಗರ್‌ನಿಂದ ಸಾಯ್ಲಿಲ್ಲ, ಸೊಪ್ಪಿಂದ ಸತ್ತಿದ್ದು.”

ಹಾಗಾದರೆ ಕುಡಿಯುವವರು ಯಾರು? ಕ್ಯಾಪ್ಟನ್ ಕಡೆ ನೋಡಿದೆವು. “ಸಕ್ಕರಿ ಅಂದ್ರ ವಿಷಾರೀ,” ಎಂದು ಅವನು ಅಂಗಳದಲ್ಲೇ ನಿಂತ. ಸೈಕಲ್ ಕಾಯುವ ನೆಪ. ಅವನ ಬಾಟಲಿಯಲ್ಲಿ ಮೆಂತ್ಯ ನೆನೆಸಿದ ನೀರು ಇರುತ್ತದೆ.

ಉಳಿದದ್ದು ನಾನು. ಬಾಡಿಗೆದಾರ.

ಕ್ರಮ ಸರಳ. ಮನೆಯವರು ಒಳಗೆ ತಿರುಗಿದ ಕೂಡಲೇ ಓನರ್ ಲೋಟ ನನ್ನ ಕೈಗೆ. ನಾನು ಒಂದೇ ಗುಟುಕಿಗೆ ಮುಗಿಸಿ ಖಾಲಿ ಲೋಟ ಅವರ ಕೈಗೆ. ನನ್ನ ಪಾಲಿನದು ತುಂಬಿದ ಹಾಗೇ ಇರುತ್ತಿತ್ತು. ಹೊರಗೆ ಬಂದ ಅಜ್ಜಿ ಅದನ್ನು ನೋಡಿ, “ಪ್ಯಾಟೆಯೋರಿಗೆ ನಮ್ಮನೆ ಕಾಫಿ ಸೇರಾಕಿಲ್ವೇನೋ,” ಎನ್ನುವರು. ಅದನ್ನೂ ಕುಡಿಯುವುದು. ಓನರ್ ಲೋಟ ಖಾಲಿಯಾದದ್ದು ಕಂಡು, “ನಿಂಗೆ ಮೊದ್ಲಿಂದ ನನ್ನ ಕಾಫಿ ಅಂದ್ರೆ ಪ್ರಾಣ,” ಎಂದು ಇನ್ನೊಂದು ಸುರಿಯುವರು. ಅದೂ ನನಗೇ. ಜೊತೆಗೆ ರವೆ ಉಂಡೆ, ಒಬ್ಬಟ್ಟು, ಒಂದು ಮನೆಯಲ್ಲಿ ಸಜ್ಜಪ್ಪ. ಓನರ್ ಪಂಚೆಯ ಅಂಚಿನ ಮರೆಯಲ್ಲಿ ಕೈಯಿಂದ ಕೈಗೆ ದಾಟಿಸುವುದರಲ್ಲಿ ಪಳಗಿಬಿಟ್ಟರು.

ಒಮ್ಮೆ ಮೂರನೇ ಮನೆಯ ಹೊತ್ತಿಗೆ ನಾನು ಕೈ ಮುಗಿದೆ. “ಅಣ್ಣ, ಇನ್ನು ಆಗಲ್ಲ.”

ಓನರ್ ತಮ್ಮ ಹೊಟ್ಟೆಯ ಮೇಲೆ ಒಂದು ಬೆರಳು ಇಟ್ಟು, ಸೂಜಿ ಚುಚ್ಚಿದಂತೆ ಒತ್ತಿ ತೋರಿಸಿದರು. ಕಣ್ಣಲ್ಲಿ ನಿಜವಾಗಿಯೂ ನೀರು. ಕುಡಿದೆ.

ಹೊರಡುವಾಗ ಆ ಮನೆಯ ಯಜಮಾನರು ಓನರನ್ನು ಪಕ್ಕಕ್ಕೆ ಕರೆದು, ನನಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು: “ಭಾವ, ಆ ಉಡುಗ ಯಾರು? ಊಟ ಇಲ್ದೆ ಬೆಳೆದವ್ನೇನೋ. ನಿನ್ನ ಉಂಡೇನೂ ಕಿತ್ಕೊಂಡ್ ತಿಂತಾನೆ.”

ಲದ್ದಿ

ಮೂರು ತಿಂಗಳು ಮುಗಿಯಲು ಒಂದು ವಾರ ಇತ್ತು. ಓನರ್ ಈಗ ವಾರದ ದಿನಗಳಲ್ಲೂ ಬೆಳಿಗ್ಗೆ ಕೆರೆಯ ಸುತ್ತ ಸೈಕಲ್ ತಳ್ಳುತ್ತಿದ್ದರು. ಭಾನುವಾರ ಗುಡ್ಡ. ಹತ್ತುವಾಗಲೂ ತಳ್ಳುವುದು, ಇಳಿಯುವಾಗಲೂ ತಳ್ಳುವುದು. ಹೊಸದು ಹಳತಾದರೂ ಅವರು ಸೀಟಿನ ಮೇಲೆ ಕೂತದ್ದನ್ನು ನಾವು ಕಂಡಿರಲಿಲ್ಲ. “ಲಕ್ಷದ ಸೈಕಲ್ಲಿಗೆ ಬಂದ ಗತಿ ನೋಡ್ರೀ,” ಎಂದು ಕ್ಯಾಪ್ಟನ್ ಪ್ರತಿ ವಾರ ಮರುಗುತ್ತಿದ್ದ.

ಆ ಭಾನುವಾರ ಗುಡ್ಡದ ನೆತ್ತಿಯ ತಿರುವಿನಲ್ಲಿ ದಾರಿಗೆ ಅಡ್ಡಲಾಗಿ ಆನೆ ಲದ್ದಿ. ಹಬೆಯಾಡುತ್ತಿತ್ತು. ಕೆಳಗಿನ ರಾಗಿ ಹೊಲಕ್ಕೆ ಕಾಡಿನಿಂದ ಆನೆ ಬರುವುದು ಎಲ್ಲರಿಗೂ ಗೊತ್ತು. ಇಷ್ಟು ಬಿಸಿಯಾಗಿ ಗೊತ್ತಿರಲಿಲ್ಲ. ಕ್ಯಾಪ್ಟನ್ ಫೋಟೋ ತೆಗೆಯಲು ಬಗ್ಗಿದ. ಪೊದೆಯ ಆಚೆ ಕೊಂಬೆಯೊಂದು ಲಟಕ್ಕನೆ ಮುರಿಯಿತು.

ನಾವು ಸೈಕಲ್ ತಿರುಗಿಸುವುದರೊಳಗೆ ಬಿಳಿಯದೇನೋ ನಮ್ಮಿಬ್ಬರ ನಡುವೆ ಗಾಳಿಯಂತೆ ನುಗ್ಗಿ ಹೋಯಿತು. ಓನರ್. ಸೈಕಲ್ ಮೇಲೆ. ಪಂಚೆ ಬಾವುಟದಂತೆ ಹಾರುತ್ತಿತ್ತು. ಕ್ಯಾಪ್ಟನ್ ವಾರವಾರ ಸೈಕಲ್ಲಿಂದ ಇಳಿದು ದಾಟುವ ಬಂಡೆಯ ಮೇಲಿಂದ ಹಾರಿದರು. ಕೊರಕಲು ದಾಟಿದರು. ಕುರಿಮಂದೆಯೊಂದು ಎರಡಾಗಿ ಸೀಳಿ ದಾರಿ ಕೊಟ್ಟಿತು. ನಾವು ಜೀವ ಕೈಯಲ್ಲಿ ಹಿಡಿದು ಹಿಂದೆ ಇಳಿದೆವು. ಆನೆ ಬರಲಿಲ್ಲ. ಬಂದಿದ್ದರೂ ಓನರ್ ಸಿಗುತ್ತಿರಲಿಲ್ಲ.

ಬುಡದಲ್ಲಿ ಒಂದು ಹೊಂಗೆಮರ. ಓನರ್ ಸೀಟಿನ ಮೇಲೆ ಕೂತೇ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು.

“ಏನ್ರೀ ಓನರ್ರೇ!” ಕ್ಯಾಪ್ಟನ್ ಏದುಸಿರಿನಲ್ಲಿ ಕೇಳಿದ. “ಇಷ್ಟ್ ಛಂದ ಸೈಕಲ್ ಹೊಡೀತೀರಿ, ಮೂರು ತಿಂಗಳು ಯಾಕ ತಳ್ಳಿದ್ರಿ?”

ಓನರ್ ಮರ ಬಿಡಲಿಲ್ಲ. “ನಂಗೆ ಸೈಕಲ್ ಬರಾಕಿಲ್ಲ ಸಾರ್. ಇಳಿಯೋದು ಎಂಗೆ, ಅದನ್ನ ಮೊದ್ಲು ಏಳ್ಕೊಡಿ.”

ಸೂಜಿ

ರಕ್ತ ಪರೀಕ್ಷೆಯ ದಿನ ಓನರ್ ಒಬ್ಬರೇ ಹೋಗಲು ಒಪ್ಪಲಿಲ್ಲ. ನಾನು ರಜೆ ಹಾಕಿದೆ. ಲ್ಯಾಬಿನ ಹುಡುಗಿ ಸೂಜಿ ತೆಗೆದಳು. ಓನರ್ ಬಾಗಿಲಿನ ಕಡೆ ನೋಡಿದರು.

“ಮೊದ್ಲು ಸಾರ್‌ಗೆ ಚುಚ್ಚಮ್ಮ. ಅವ್ರಿಗೆ ನೋವಾಗ್ದಿದ್ರೆ ನಂಗೆ.”

“ನನಗೇನೂ ಇಲ್ಲ ಅಣ್ಣ,” ಎಂದೆ.

“ಇಲ್ದಿದ್ರೆ ಒಳ್ಳೇದೇ ಅಲ್ವಾ? ಕೊಡಿ ಸಾರ್.”

ಕೊಟ್ಟೆ. ಚುಚ್ಚುವಾಗ ನಕ್ಕೆ ಕೂಡ. ಓನರ್ ಕಣ್ಣು ಮುಚ್ಚಿ, ನನ್ನ ಇನ್ನೊಂದು ಕೈಯನ್ನು ಹೊಂಗೆಮರದಂತೆ ತಬ್ಬಿಕೊಂಡು, ತಾವೂ ಕೊಟ್ಟರು.

ಸಂಜೆ ಇಬ್ಬರ ರಿಪೋರ್ಟೂ ಹಿಡಿದು ಡಾಕ್ಟರ ಮುಂದೆ ಕೂತೆವು. ಅವರು ಮೊದಲನೆಯದನ್ನು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು.

“ಯಜಮಾನರೇ, ಏನು ಮಾಡಿದ್ರಿ?”

“ಸೈಕಲ್ಲು ಸಾರ್.”

“ಹೊಡೆದ್ರಾ?”

“ಇಲ್ಲ ಸಾರ್. ತಳ್ದೆ. ಗುಡ್ಡದ ಮೇಲ್ಗಂಟ.”

“ಹೊಡೆದಿದ್ದರೆ ಇಷ್ಟು ಇಳೀತಿತ್ತೋ ಇಲ್ಲವೋ,” ಎಂದರು ಡಾಕ್ಟರು. “ಸಿಹಿ ಬಿಟ್ಟಿದ್ದೂ ಒಳ್ಳೇದಾಯ್ತು. ಇಂಜೆಕ್ಷನ್ ಬೇಡ, ಹೋಗಿ.”

ಓನರ್ ಎದ್ದು ಮೇಜಿನ ಮೇಲಿನಿಂದಲೇ ಡಾಕ್ಟರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎದ್ದು ನಿಂತೆ.

“ನೀವು ಕೂತ್ಕೊಳ್ಳಿ,” ಎಂದರು ಡಾಕ್ಟರು.

ಎರಡನೇ ಹಾಳೆ ಅವರ ಕೈಯಲ್ಲಿತ್ತು. ಅದನ್ನು ಓದುವಾಗ ಕನ್ನಡಕ ತೆಗೆಯಲಿಲ್ಲ. “ಇದು ನಿನ್ನೆ ಮೊನ್ನೆ ಬಂದದ್ದಲ್ಲ. ದಿನವಿಡೀ ಕೂತು ಕೆಲಸ ಮಾಡೋರಲ್ವಾ, ಒಳಗೇ ಇತ್ತು. ಈಚೆಗೆ ಸಿಹಿ ಜಾಸ್ತಿ ಆಗಿದೆಯಾ?”

ನಾನು ಓನರ್ ಕಡೆ ನೋಡಿದೆ. ಓನರ್ ಫ್ಯಾನಿನ ಕಡೆ ನೋಡಿದರು.

“ಸದ್ಯಕ್ಕೆ ಮಾತ್ರೆ ಕೊಡ್ತೀನಿ. ಮೂರು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ಇಂಜೆಕ್ಷನ್. ನೀವೇ ಚುಚ್ಕೋಬಹುದು, ಹೊಟ್ಟೆಗೆ.”

ನನ್ನ ಎರಡೂ ಕೈ ಯಾವಾಗ ಹೊಟ್ಟೆಗೆ ಅಡ್ಡ ಹೋದವೋ ಗೊತ್ತಾಗಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಓನರ್ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದರು.

“ಭಾನ್ವಾರದಿಂದ ಸೈಕಲ್ ಅತ್ಬೇಡಿ ಸಾರ್. ತಳ್ಳಿ. ನಿಮ್ಮ ಪಾಲಿನ ಕಾಫಿ ನಾನು ಕುಡೀತೀನಿ.”

ಅವರು ಬೆನ್ನು ತಟ್ಟಿದರು.

“ಸೂಜಿಗೇನು ಎದರ್ಕೋತೀರಿ ಸಾರ್? ಇರ್ವೆ ಕಚ್ದಂಗೆ ಅಷ್ಟೆ. ಇನ್ಮ್ಯಾಕೆ ಎಂಗೂ ಇರ್ವೆಗಳೇ ನಿಮ್ಮನ್ನ ಉಡುಕ್ಕೊಂಡು ಬತ್ತವೆ.”