ಮುನಿಗಂಗಪ್ಪನಿಗೆ ಬಿದ್ದ ಸೂಜಿ

ಶಿಡ್ಲಘಟ್ಟದ ಡಾಕ್ಟರ್ ಖಲೀಮುಲ್ಲಾ ಆ ಬೆಳಿಗ್ಗೆ ಓಬಳಮ್ಮನಿಗೆ ಕೊಡಬೇಕಾಗಿದ್ದ ಶಕ್ತಿ ಇಂಜೆಕ್ಷನ್ನನ್ನು ಅವಳ ಗಂಡ ಮುನಿಗಂಗಪ್ಪನಿಗೆ ಚುಚ್ಚಿಬಿಟ್ಟರು. ಅವನು ಮಾಡಿದ ತಪ್ಪು ಇಷ್ಟೇ: ಹೆಂಡತಿಯ ಚೀಲ ಎತ್ತಿಕೊಡಲು ಬೆಂಚಿನ ಪಕ್ಕ ಬಗ್ಗಿದ್ದ.

“ಸಾರ್, ಕಾಯಿಲೆ ಅವಳ್ಗೆ,” ಎಂದ, ಬಗ್ಗಿಕೊಂಡೇ.

“ನೀನೂ ಸೊರಗಿದ್ದೀಯಪ್ಪ. ಇರ್ಲಿ,” ಎಂದರು ಡಾಕ್ಟರು, ದಪ್ಪ ಕನ್ನಡಕ ಮೇಲೇರಿಸಿಕೊಳ್ಳುತ್ತಾ. ವಯಸ್ಸು ಎಪ್ಪತ್ತು ದಾಟಿದ್ದರೂ ಅವರ ಧೈರ್ಯಕ್ಕೆ ಮುಪ್ಪು ಬಂದಿರಲಿಲ್ಲ.

ಸುದ್ದಿ ರೇಷ್ಮೆಗೂಡಿನ ಮಾರುಕಟ್ಟೆ ತಲುಪುವಷ್ಟರಲ್ಲಿ ಮುನಿಗಂಗಪ್ಪ ಸತ್ತೇಹೋಗಿದ್ದ. ಪಕ್ಕದ ಬಟ್ಟೆ ಅಂಗಡಿಯ ಬಯ್ಯಪ್ಪ, ಹಾರಕ್ಕೆ ಹೇಳಿ ಕಳಿಸಿಯೇ ಕ್ಲಿನಿಕ್ಕಿಗೆ ನುಗ್ಗಿದ. ಹೆಣವಾಗಬೇಕಾದವನು ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಬಯ್ಯಪ್ಪನಿಗೆ ಕೊಂಚ ನಿರಾಸೆಯೇ ಆಯಿತು.

“ಸಾರ್, ಇನ್ನು ಸಾಕು ಮಾಡಿ. ಇವತ್ತು ಗಂಡನಿಗೆ ಚುಚ್ಚಿದ್ರಿ, ನಾಳೆ ಗೋಡೆಗೆ ಚುಚ್ತೀರ.”

“ನನ್ನ ಕೈ ನಡುಗೋದು ತೋರ್ಸು. ಈಗ್ಲೇ ಬೋರ್ಡು ಇಳಿಸ್ತೀನಿ.”

ಚಾಚಿದ ಕೈ ಕಂಬದ ಹಾಗೆ ನಿಂತಿತ್ತು. ಬಯ್ಯಪ್ಪ ಬಿಡಲಿಲ್ಲ. ಕಾರು ಕಳಿಸಿ ಚಿಂತಾಮಣಿಯಿಂದ ಕಣ್ಣಿನ ಡಾಕ್ಟರು ಷಮೀಮಳನ್ನು ಕರೆಸಿದ. ಅವಳು ಹುಟ್ಟಿದ್ದೇ ಖಲೀಮುಲ್ಲಾ ಅವರ ಕೈಯಲ್ಲಿ. ಟಾರ್ಚು ಬಿಟ್ಟು ನೋಡಿ ಮೆಲ್ಲಗೆ ಕೇಳಿದಳು:

“ಅಂಕಲ್, ಬಾಗಿಲ ಹತ್ರ ನಿಂತಿರೋದು ಯಾರು?”

“ನಮ್ಮ ಖುರ್ಷಿದ್. ಹೆಂಡತೀನೂ ಗೊತ್ತಾಗಲ್ವ ನಂಗೆ?”

ಅದು ಮೊಳೆಗೆ ನೇತುಹಾಕಿದ್ದ ಅವರದೇ ಕೋಟು. ಖುರ್ಷಿದ್ ಬೇಗಂ ಇದ್ದದ್ದು ಅವರ ಬೆನ್ನ ಹಿಂದೆ.

“ಎರಡು ಕಣ್ಣಲ್ಲೂ ಪೊರೆ ಇದೆ ಅಂಕಲ್. ಆಪರೇಷನ್ ಆಗೋವರೆಗೂ ಸೂಜಿ ಮುಟ್ಬೇಡಿ.”

ಡಾಕ್ಟರು ಸೂಜಿಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು, ತಡವರಿಸುತ್ತಾ ತಾವೇ ಬೋರ್ಡು ಇಳಿಸಿದರು. “ಬೆಳಿಗ್ಗೆ ಬೆಂಗ್ಳೂರಿಗೆ ಹೋಗಣ,” ಎಂದರು ಹೆಂಡತಿಗೆ.

ಸಂಜೆ ಮೇಲೂರಿನಿಂದ ಟೆಂಪೊ ಬಂತು. ಮೊದಲು ಮುನಿಗಂಗಪ್ಪ ಧುಮುಕಿದ, ಹಿಂದೆ ಅವನ ಅರ್ಧ ಊರೇ ಇಳಿಯಿತು.

“ಸಾರ್, ವರ್ಷಗಟ್ಲೆ ಇದ್ದ ಸೊಂಟನೋವು ಮಾಯ. ಇವ್ರಿಗೂ ಹಂಗೇ ಹಾಕಿ.”

“ಅದು ಬರೀ ವಿಟಮಿನ್ನಪ್ಪ. ಕಣ್ಣು ಕಾಣ್ದೆ ಹಾಕ್ಬಿಟ್ಟೆ. ಆಪರೇಷನ್ ಆಗ್ಲಿ, ಆಮೇಲೆ ಬನ್ನಿ.”

ಮುನಿಗಂಗಪ್ಪ ಗಾಬರಿಯಾದ. “ಬೇಡಿ ಸಾರ್. ಕಣ್ಣು ಕಾಣ್ತಿದ್ದಾಗ ಎಷ್ಟು ಔಷಧಿ ಕೊಟ್ರಿ, ಒಂದೂ ನಾಟ್ಲಿಲ್ಲ. ಪೊರೆ ತೆಗೆಸ್ಬಿಟ್ರೆ ನಮ್ ಗತಿ ಏನು?”

ಜನ ಬೋರ್ಡನ್ನು ಮತ್ತೆ ಏರಿಸಿದರು. ದಿಕ್ಕು ತೋಚದ ಡಾಕ್ಟರು ಕೂಗಿದರು: “ಬಯ್ಯಪ್ಪ, ನೀನಾದ್ರೂ ಇವ್ರಿಗೆ ಬುದ್ಧಿ ಹೇಳಪ್ಪ.”

ಉತ್ತರ ಒಳಗಿನ ಬೆಂಚಿನ ಮೇಲಿಂದ ಬಂತು. ಬಯ್ಯಪ್ಪ ಆಗಲೇ ಬೋರಲಾಗಿ ಮಲಗಿದ್ದ.

“ಹೇಳ್ತೀನಿ ಸಾರ್. ಹಾಕೋಕೆ ಮುಂಚೆ ಆ ಕನ್ನಡಕ ಒಂದು ತೆಗೆದಿಟ್ಬಿಡಿ.”