ನಮ್ಮ ಯಜಮಾನರ ಮೂಗು

ಔಷಧಿ ಬರೆಯುವುದು ಡಾಕ್ಟರ ಕೆಲಸ, ತರುವುದು ಅಂಗಡಿಯವನ ಕೆಲಸ. ಅದನ್ನು ದಿನಾ ಹಚ್ಚಿಸುವ ಕೆಲಸಕ್ಕೆ ಮಾತ್ರ ಈ ದೇಶದಲ್ಲಿ ಹೆಂಡತಿಯರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಆ ಕೆಲಸ ಹಿಡಿದವಳಿಗೆ ಕೆಳಗೆ ಬರೆದಂಥವು ಆಗುತ್ತಲೇ ಇರುತ್ತವೆ. ನಾನು ಬಾಟನಿ ಓದಿ ಬಿ.ಎಸ್ಸಿ. ಮಾಡಿದವಳು. ಮನೆಯ ಪ್ರತಿಯೊಬ್ಬರ ಔಷಧಿ ಚೀಟಿಯನ್ನೂ ತಾರೀಖಿನ ಪ್ರಕಾರ ಫೈಲು ಮಾಡಿ ಇಡುತ್ತೇನೆ. ಅಷ್ಟಿದ್ದೂ ಒಂದು ಮೂಗು ನನ್ನನ್ನು ಆರು ತಿಂಗಳು ಆಟ ಆಡಿಸಿತು.

ಹೆಣ್ಣು ನೋಡಲು ಬಂದವರು

ನಮ್ಮ ಯಜಮಾನರದು ಚನ್ನಗಿರಿಯಲ್ಲಿ ಅಡಿಕೆ ಮಂಡಿ. ಕೆಲವು ವರ್ಷಗಳಿಂದ ಅವರ ಮೂಗು, ಕೆನ್ನೆ ಕೆಂಪಗಾಗುತ್ತಿತ್ತು. ಬಿಸಿಲಿಗೆ ಹೋದರೆ ಇನ್ನೂ ಕೆಂಪು, ಮಂಡಕ್ಕಿ ಜೊತೆ ಮಿರ್ಚಿ ಬಜ್ಜಿ ತಿಂದು ಮೇಲೆ ಬಿಸಿ ಚಹಾ ಕುಡಿದರಂತೂ ದೂರದಿಂದಲೇ ಕಾಣುವಷ್ಟು ಕೆಂಪು. ಮಂಡಿ ಪಕ್ಕದಲ್ಲಿ ಗೋಣಿಚೀಲ ಮಾರುವ ಸಾಹೇಬರು, ಇವರ ಹಳೆಯ ಸ್ನೇಹಿತರು, ತಮಾಷೆ ಮಾಡುತ್ತಿದ್ದರು: "ಅಡಿಕೆಗೆ ಬಣ್ಣ ಬಂದ್ರೆ ರೇಟು ಬರ್ತೈತೆ. ನಿಮ್ಮ ಮೂಗಿಗೆ ಬಂದು ಏನು ಪ್ರಯೋಜನ?"

ಪ್ರಯೋಜನ ಏನೆಂದು ಮಗಳನ್ನು ನೋಡಲು ಹೊನ್ನಾಳಿಯವರು ಬಂದ ದಿನ ಗೊತ್ತಾಯಿತು. ಮಗಳೂ ಆ ಹುಡುಗನೂ ನ್ಯಾಮತಿಯಲ್ಲಿ ಒಂದೇ ಕಾಲೇಜಿನಲ್ಲಿ ಪಾಠ ಮಾಡುವವರು. ಒಬ್ಬರಿಗೊಬ್ಬರು ಒಪ್ಪಿ ಆಗಿತ್ತು, ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಯಜಮಾನರು ಅಡಿಕೆ ಒಣಗಿಸುವ ಕಣದಿಂದ ನೇರ ಬಂದು ಕೂತರು. ಹುಡುಗನ ತಂದೆ ಹುಡುಗಿಯನ್ನು ಒಂದು ಸಲ ನೋಡಿದರು, ಮಿಕ್ಕ ಹೊತ್ತೆಲ್ಲ ಇವರ ಮೂಗನ್ನೇ ನೋಡಿದರು. ಉಪ್ಪಿಟ್ಟಿನ ತಟ್ಟೆ ಇಡುವ ನೆಪದಲ್ಲಿ ಬಗ್ಗಿ ಇವರ ಬಾಯಿಯ ವಾಸನೆಯನ್ನೂ ನೋಡಿದರು. ನಾನು ಕಣ್ಣಾರೆ ಕಂಡೆ.

ಎರಡೂ ಮನೆಯ ನಡುವೆ ಮಾತು ಓಡಾಡಿಸುತ್ತಿದ್ದವಳು ಜಗಳೂರಿನ ನನ್ನ ನಾದಿನಿ. ಎರಡು ದಿನಕ್ಕೆ ಫೋನು ಮಾಡಿದಳು. "ಅತ್ತಿಗೆ, ಹುಡುಗಿ ಒಪ್ಪಿಗೆ ಐತಂತೆ. ಆದ್ರೆ ಅಣ್ಣ ಸಂಜೆ ಹೊತ್ತು ತಗಂತಾರಾ ಅಂತ ಕೇಳ್ತಾರೆ. ದೀಪಾವಳಿ ಕಳೀಲಿ, ನೋಡಾನ ಅಂದ್ರು."

ನನ್ನ ಗಂಡ ಕೆಮ್ಮಿನ ಸಿರಪ್ಪು ಕುಡಿದರೂ ತಲೆ ಸುತ್ತುತ್ತದೆ ಎಂದು ಮಲಗುವ ಮನುಷ್ಯ. ಈ ಅಪವಾದ ಕೇಳಿ ನನಗೆ ಅನ್ನ ಸೇರಲಿಲ್ಲ. ಬೇರೆ ಗಂಡು ಸಿಗದಿದ್ದರೆ ಕೇಳು ಎಂದು ಮಗಳಿಗೆ ಹೇಳಿದೆ. ಅವಳು ತಲೆ ಎತ್ತದೆ ಪೇಪರು ತಿದ್ದುತ್ತಲೇ ಹೇಳಿದಳು: "ಬೇರೆ ಗಂಡು ನೋಡಬೇಡ ಅಮ್ಮ. ಅಪ್ಪನ ಮೂಗು ನೋಡು."

ಭಕ್ತಿಯಿಂದ ಹಚ್ಚುತ್ತಾರೆ

ದಾವಣಗೆರೆಯ ಚರ್ಮದ ಡಾಕ್ಟರಮ್ಮ ನೋಡಿದ ತಕ್ಷಣ ರೊಸೇಸಿಯಾ ಅಂದರು. ಕುಡಿತಕ್ಕೂ ಇವರ ಮೂಗಿಗೂ ಸಂಬಂಧವಿಲ್ಲ, ಪೂರ್ತಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಡಬಹುದು ಅಂದರು. ಮೂಗು ಕೆನ್ನೆಗೆ ದಿನಾ ಒಂದು ಕ್ರೀಮು, ಹೊರಗೆ ಹೋಗುವಾಗ ಬಿಸಿಲಿಗೆ ಇನ್ನೊಂದು ಕ್ರೀಮು, ಖಾರ ಮತ್ತು ಸುಡುವ ಚಹಾ ದೂರ. ತಿಂಗಳುಗಟ್ಟಲೆ ಬಿಡದೆ ಮಾಡಬೇಕು, ತಪ್ಪಿಸಿದರೆ ಮತ್ತೆ ಬರುತ್ತದೆ.

ಬಿಡದೆ ಮಾಡುವುದು ಇವರಿಗೆ ಬರುತ್ತಿದ್ದದ್ದು ಒಂದೇ, ಸ್ನಾನವಾದ ಮೇಲೆ ಶಿವನ ಮುಂದೆ ನಿಂತು ವಿಭೂತಿ ಧರಿಸುವುದು. ಹಾಗಾಗಿ ದೇವರ ಕೋಣೆಯಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲೇ ಕ್ರೀಮಿನ ಟ್ಯೂಬು ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮೊದಲ ದಿನವೇ ಕರೆಂಟು ಇರಲಿಲ್ಲ. ತಿಂಡಿಗೆ ಬಂದು ಕೂತರೆ ಹಣೆಯ ಮೇಲೆ ಜಿಡ್ಡುಜಿಡ್ಡಾದ ಮೂರು ಗೆರೆ, ಮೂಗಿನ ತುಂಬ ವಿಭೂತಿ. ಏನ್ರೀ ಇದು ಅಂದರೆ, ಯಾವುದು ಎಲ್ಲಿಗೆ ಅಂತ ನೀನು ಸರಿಯಾಗಿ ಹೇಳಬೇಕಿತ್ತು ಎಂದು ನನ್ನ ಮೇಲೇ ತಿರುಗಿದರು.

ಎಲ್ಲಿಗೆ ಎಂದು ಕಲಿಸಿದೆ. ಆದರೆ ತಿಂಗಳು ಬರಬೇಕಾದ ಟ್ಯೂಬು ವಾರಕ್ಕೆ ಖಾಲಿ. ಬಾಗಿಲ ಸಂದಿಯಿಂದ ನೋಡಿದೆ. ಮೂರು ಬೆರಳಿಗೂ ಉದ್ದಕ್ಕೆ ಕ್ರೀಮು ಹಾಕಿಕೊಂಡು, ಕಣ್ಣು ಮುಚ್ಚಿ, ಈ ಕೆನ್ನೆಯಿಂದ ಆ ಕೆನ್ನೆಗೆ ಮೂಗಿನ ಮೇಲೆ ಹಾಯಿಸಿ ಎಳೆಯುತ್ತಿದ್ದರು. ಕಡಲೆಕಾಳಷ್ಟು ಸಾಕು ಅಂದಿಲ್ಲವೇ ಎಂದೆ. "ದೇವರ ಮುಂದೆ ನಿಂತು ಒಂದೇ ಬೆರಳಲ್ಲಿ ಸವರಿಕೊಳ್ಳಾಕೆ ನನಗೆ ಮನಸ್ಸು ಬರಲ್ಲ" ಅಂದರು.

ಮತ್ತೆ ಟ್ಯೂಬು ಬೇಕೆಂದು ಫೋನು ಮಾಡಿದಾಗ ಡಾಕ್ಟರಮ್ಮನಿಗೆ ಗಾಬರಿ. ಮನೆಮಂದಿಯೆಲ್ಲ ಹಚ್ಚುತ್ತಿದ್ದೀರಾ ಎಂದು ಕೇಳಿದರು.

"ಇಲ್ಲಮ್ಮ, ಒಬ್ಬರೇ," ಅಂದೆ. "ಭಕ್ತಿಯಿಂದ ಹಚ್ಚುತ್ತಾರೆ."

ಯಾವ ಪಾತ್ರ?

ಬಿಸಿಲಿನ ಕ್ರೀಮಿನ ಕಥೆ ಬೇರೆ. ಹಚ್ಚಿದರೆ ಮುಖ ಬೆಳ್ಳಗಾಗುತ್ತಿತ್ತು. ಒಂದು ದಿನ ಹಚ್ಚಿಕೊಂಡು ಮಂಡಿಗೆ ಹೋದರೆ, ಅಡಿಕೆ ತಂದಿದ್ದ ಕೆರೆಬಿಳಚಿಯ ರೈತರೊಬ್ಬರು ತೂಕ ನೋಡುವುದನ್ನೂ ಬಿಟ್ಟು ಇವರನ್ನೇ ನೋಡಿ ವಿಚಾರಿಸಿದರಂತೆ: "ಸಾವ್ಕಾರ್ರೇ, ಬಣ್ಣ ಹಚ್ಕಂಡೇ ಬಂದೀರಲ್ಲ. ಎಲ್ಲೈತೆ ನಾಟಕ? ಯಾವ ಪಾತ್ರ?"

ಅವತ್ತೇ ಮನೆಗೆ ಬಂದು ಇನ್ನು ಹಚ್ಚುವುದಿಲ್ಲ ಎಂದು ಕೂತರು. ಊರವರ ಬಾಯಿಗೆ ಹೆದರಿ ಔಷಧಿ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಬಾಯಿಯೇ ಅಲ್ಲವೇ ಇವರನ್ನು ಕುಡುಕ ಮಾಡಿದ್ದು? ಮಗಳ ಮುಖ ನೆನಪಿಸಿಕೊಳ್ಳಿ ಅಂದೆ. ಮರುದಿನ ಮತ್ತೆ ಹಚ್ಚಿಕೊಂಡರು.

ಮಂಡಿಯಲ್ಲಿ ಕಾವಲಿಗೆ ಸಾಹೇಬರನ್ನು ನೇಮಿಸಿದೆ. ಮಧ್ಯಾಹ್ನ ಕ್ರೀಮು ಹಚ್ಚಿಸಬೇಕು, ಮಿರ್ಚಿ ತಿನ್ನಲು ಬಿಡಬಾರದು. ಅವರು ಪ್ರತಿ ಸಂಜೆ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದರು: "ಒಂದು ಮೆಣಸಿನಕಾಯಿನೂ ತಿಂದಿಲ್ಲ ಅಮ್ಮಾರೇ." ಆದರೂ ಮೂಗು ಇಳಿಯಲಿಲ್ಲ.

ಒಂದು ಸಂಜೆ ಹೇಳದೆ ಮಂಡಿಗೆ ಹೋದೆ. ಇಬ್ಬರ ನಡುವೆ ಪೇಪರಿನ ಮೇಲೆ ಮಿರ್ಚಿಯ ರಾಶಿ. ಸಾಹೇಬರು ಒಂದೊಂದನ್ನೇ ಬಿಚ್ಚಿ ಒಳಗಿನ ಮೆಣಸಿನಕಾಯಿ ತಾವು ತಿನ್ನುತ್ತಿದ್ದರು, ಮೇಲಿನ ಹಿಟ್ಟು ಇವರಿಗೆ ಕೊಡುತ್ತಿದ್ದರು. ನನ್ನನ್ನು ಕಂಡು ಸಾಹೇಬರು ಎದ್ದು ನಿಂತರು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಖಾರ ಎಲ್ಲಾ ನನ್ನ ಪಾಲಿಗೇ ಅಮ್ಮಾರೇ," ಅಂದರು. "ಸ್ನೇಹಿತನಿಗೆ ಅಂತ ಇಷ್ಟೂ ಮಾಡದಿದ್ರೆ ಹೆಂಗೆ?"

ಇವರು ಮಾತ್ರ ತಮ್ಮ ಪಾಲಿನ ಹಿಟ್ಟಿಗೆ ಹೊಟ್ಟೆ ತುಂಬುವುದಿಲ್ಲವೆಂದು ಇನ್ನೊಂದು ಪ್ಲೇಟು ಹೇಳಿದ್ದರು.

ನಾದಿನಿಯ ಟ್ಯೂಬು

ಮಿರ್ಚಿ ನಿಂತು, ಮೂಗು ಸ್ವಲ್ಪ ದಾರಿಗೆ ಬಂದಿತ್ತು. ಅಷ್ಟರಲ್ಲಿ ನಾದಿನಿ ಜಗಳೂರಿನಿಂದ ಬಂದಳು. ಅಲ್ಲೇ ಹತ್ತಿರದ ಸೊಕ್ಕೆ ಊರಲ್ಲಿ ಅವಳ ನೆಂಟರ ಮನೆಯವರೆಲ್ಲ ಹಚ್ಚುವ ಟ್ಯೂಬಂತೆ. ಹುಳುಕಡ್ಡಿ, ತುರಿಕೆ, ಮೊಡವೆ, ಎಲ್ಲದಕ್ಕೂ ಒಂದೇ. ನನಗೆ ಹೇಳದೆ ಅಣ್ಣನ ಕೈಗೆ ಕೊಟ್ಟು ಹೋದಳು.

ನಾಲ್ಕು ದಿನದಲ್ಲಿ ಮೂಗು ಬೆಳ್ಳಗೆ ಹೊಳೆಯಿತು. ನನ್ನ ಆರೈಕೆ ಫಲಿಸಿತು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ. ಮುಂದಿನ ವಾರ ಆ ಟ್ಯೂಬು ಮುಗಿಯಿತು, ಮೊದಲಿಗಿಂತ ಎರಡರಷ್ಟು ಕೆಂಪಾಗಿ ಮೂಗು ಉರಿಯತೊಡಗಿತು. ಕೇಳಿ ಕೇಳಿ ಸುಸ್ತಾದ ಮೇಲೆ ಟ್ಯೂಬು ತೋರಿಸಿದರು. ಸ್ಟೆರಾಯ್ಡು. ಡಾಕ್ಟರಮ್ಮ ತಲೆ ಚಚ್ಚಿಕೊಂಡು ಮೊದಲಿನಿಂದ ಶುರು ಮಾಡಿಸಿದರು.

ಫೋನಿನಲ್ಲಿ ನಾದಿನಿಗೆ ನನ್ನ ಬಾಟನಿ, ಝೂವಾಲಜಿ, ಕೆಮಿಸ್ಟ್ರಿ ಎಲ್ಲ ಸೇರಿಸಿ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡು ಸಮಾಧಾನದಿಂದ ಕೇಳಿದಳು: "ಇನ್ನೊಂದು ಕಳಿಸ್ಲಾ ಅತ್ತಿಗೆ?"

ದೀಪಾವಳಿ ಕಳೆಯಿತು

ಆಮೇಲೆ ಇವರಿಗೂ ಹೆದರಿಕೆ ಬಿತ್ತು. ಬೆಳಿಗ್ಗೆ ಕಡಲೆಕಾಳಷ್ಟು, ಒಂದೇ ಬೆರಳಲ್ಲಿ. ಬಿಸಿಲಿಗೆ ಛತ್ರಿ. ಚಹಾ ಆರಿಸಿ ಕುಡಿಯುವುದು. ವ್ಯಾಪಾರಕ್ಕೆಂದು ಸೂರಗೊಂಡನಕೊಪ್ಪಕ್ಕೆ ಹೋದಾಗಲೂ ಟ್ಯೂಬು ಜೇಬಲ್ಲಿ. ನಿಧಾನವಾಗಿ ಮೂಗು ಮೂಗಿನ ಬಣ್ಣಕ್ಕೆ ಬಂತು. ಈಗ ಇವರೇ ಮಂಡಿಯಲ್ಲಿ ಕೂತು ಕಂಡಕಂಡವರಿಗೆ ಚರ್ಮದ ಪಾಠ ಹೇಳುವಷ್ಟಾದರು.

ಹಬ್ಬ ಕಳೆದು ಹೊನ್ನಾಳಿಯವರು ಬಂದರು. ಹುಡುಗನ ತಂದೆ ಬಾಗಿಲಲ್ಲೇ ಇವರ ಮೂಗನ್ನು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಎಲ್ಲರ ಎದುರು ಹೇಳಿದರು: "ಚಟ ಯಾರಿಗಿಲ್ಲ? ಬಿಟ್ಟು ತೋರಿಸೋದು ದೊಡ್ಡದು. ಇಂಥ ಗಟ್ಟಿ ಮನಸ್ಸಿನವರ ಮನೆಯಿಂದ ಹೆಣ್ಣು ತರೋದು ನಮ್ಮ ಪುಣ್ಯ."

ನಾನು ದಡಬಡಿಸಿ ಎದ್ದೆ. ಫೈಲು ತಂದು, ಚೀಟಿಗಳನ್ನೆಲ್ಲ ಅವರ ಮುಂದೆ ಹರಡಿ, ಕುಡಿಯದವರು ಬಿಡುವುದು ಏನನ್ನು ಎಂದು ಕೇಳಬೇಕೆಂದಿದ್ದೆ. ಹಿಂದಿನಿಂದ ಯಾರೋ ಸೆರಗು ಹಿಡಿದು ಎಳೆದರು. ಮಗಳು. ನನ್ನನ್ನೇ ನೋಡುತ್ತಿದ್ದಳು. ಕೂತೆ. ಪಕ್ಕದಲ್ಲಿ ನಾದಿನಿ ಹೆಮ್ಮೆಯಿಂದ ಪಿಸುಗುಟ್ಟಿದಳು: "ಅತ್ತಿಗೇನೇ ಹಠ ಹಿಡಿದು ಬಿಡಿಸಿದ್ರು ಅಂತ ನಾನೇ ಹೇಳೀನಿ."

ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿ ಆಯಿತು. ಹೊರಡುವಾಗ ಹುಡುಗನ ತಂದೆ ಇವರನ್ನು ಕಾಂಪೌಂಡಿನ ಮೂಲೆಗೆ ಕರೆದುಕೊಂಡು ಹೋದರು. ಅಡುಗೆಮನೆ ಕಿಟಕಿ ಅಲ್ಲೇ ಇತ್ತು.

"ಬೀಗ್ರೇ, ಹೆಂಗೆ ಬಿಟ್ರಿ ಹೇಳ್ರಿ," ಎಂದು ದನಿ ತಗ್ಗಿಸಿದರು. "ನಂದೂ ಬಿಡಿಸ್ಬೇಕು ಅಂತ ಮನ್ಯಾಗೆ ದಿನಾ ಗಲಾಟೆ."

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಯಲ್ಲಿ ಬಗ್ಗಿ ಬಗ್ಗಿ ವಾಸನೆ ನೋಡಿದ್ದು ಇದೇ ಬೀಗರು!

ಯಜಮಾನರು ಪಾಪ ನಿಜವನ್ನೇ ಹೇಳಿದರು, ನಾನು ಕುಡಿದವನೇ ಅಲ್ಲ, ಇದು ಚರ್ಮದ ಕಾಯಿಲೆ ಅಂತ.

"ಇರ್ಲಿ ಬಿಡ್ರಿ, ನನ್ನ ಹತ್ರ ಎಂಥ ಮುಚ್ಚುಮರೆ? ಯಾವ ಔಷಧಿ ಅಷ್ಟು ಹೇಳ್ರಿ."

ಇವರು ಸೋತು ಜೇಬಿನಿಂದ ಟ್ಯೂಬು ತೆಗೆದರು. ಆಮೇಲೆ ನಾನು ಆರು ತಿಂಗಳು ಬಾಯಿ ನೋಯುವಂತೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದರು. ದಿನಾ ಮೂಗಿಗೆ ಹಚ್ಚಬೇಕು, ಕಡಲೆಕಾಳಷ್ಟೇ, ಒಂದು ದಿನವೂ ತಪ್ಪಿಸಬಾರದು, ಬಿಸಿಲಿಗೆ ಛತ್ರಿ, ಮಿರ್ಚಿ ಮುಟ್ಟಬಾರದು.

ಬೀಗರು ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವರು ತಟ್ಟನೆ ನಿಲ್ಲಿಸಿದರು.

"ಕುಡಿಯುವಾಗ ನಂಜ್ಕೊಳ್ಳೋ ಮಿರ್ಚಿನೂ ಬಿಡ್ಬೇಕಾ?"

"ಪೂರ್ತಿ."

ಅವರು ಟ್ಯೂಬನ್ನು ಇವರ ಜೇಬಿಗೇ ವಾಪಸ್ಸು ಇಟ್ಟರು. "ಹಂಗಾದ್ರೆ ಬ್ಯಾಡ್ರಿ. ಮಿರ್ಚಿ ಬಿಟ್ಟು ಬದುಕೋದಾದ್ರೆ, ನಾನು ಕುಡಿಯೋದಾದ್ರೂ ಯಾಕೆ?"